ಮೊದಲೆಣ್ಣೆ ಗೌರಿಗೆ ಎಣ್ಣೆ ಕೊಡದ ಸಾತವ್ವನ ಕಥೆ

ದೀಪ ನಿಂತು ಉರಿಯಲಿ, ಮನೆ ತಂಪಾಗಿರಲಿ. ಚೈತ್ರದ ಉರಿಬಿಸಿಲಿನಲ್ಲಿ ಮೊದಲೆಣ್ಣೆ ಗೌರಿಯ ವ್ರತ ಹಿಡಿದ ಹೆಂಗಳೆಯರೇ, ವ್ರತ ಹಿಡಿಯದೆ ಬರೀ ಕೋಸಂಬರಿ ಪಾನಕಕ್ಕೆಂದು ಬಂದು ಗೋಡೆಗೆ ಒರಗಿದವರೇ, ಎಲ್ಲರೂ ನಾಲ್ಕು ಕಾಳು ಎಳ್ಳನ್ನು ಬಲಗೈಯಲ್ಲಿ ಹಿಡಿದು ಕಿವಿಗೊಡುವುದು. ಬೇರೆ ವ್ರತಗಳ ಕಥೆಯನ್ನು ಕೈಲಾಸದಲ್ಲಿ ಶಿವನು ಪಾರ್ವತಿಗೆ ಹೇಳಿದನು. ಇದನ್ನು ಪಾರ್ವತಿಯೇ ಶಿವನಿಗೆ ಹೇಳಿದಳು, ಅದೂ ಸಿಟ್ಟಿನಲ್ಲಿ ಹೇಳಿದಳು. ಆದಕಾರಣ ಓದುವವರ ದನಿ ಮೆತ್ತಗಿರಬೇಕೆಂಬ ನಿಯಮ ಈ ವ್ರತಕ್ಕೆ ಇಲ್ಲ.

ಪೂರ್ವಕಾಲದಲ್ಲಿ ಕರಿಯ ಎರೆಮಣ್ಣಿನ ಬಯಲುನಾಡಿನಲ್ಲಿ ತಿಲಕಾವತಿಯೆಂಬ ಪಟ್ಟಣವಿದ್ದು, ಅದರ ಸುತ್ತ ಕಣ್ಣು ಹಾಯುವವರೆಗೂ ಎಳ್ಳಿನ ಹೊಲಗಳಿದ್ದು, ಪಟ್ಟಣದ ಒಳಗೆ ಬೀದಿಬೀದಿಗೂ ಗಾಣಗಳಿದ್ದವು. ಹೊಸ ಎಳ್ಳು ಮನೆಗೆ ಬಂದು ಗಾಣ ತಿರುಗಿದ ಮೇಲೆ ಮೊದಲು ಇಳಿದ ಎಣ್ಣೆಯನ್ನು ಯಾರೂ ಮನೆಗೆ ಬಳಸದೆ, ಊರ ನಡುವಿನ ಗೌರಿಯ ಗುಡಿಗೆ ಒಯ್ದು ದೇವಿಯ ನೆತ್ತಿಯ ಮೇಲೆ ಸುರಿಯುವುದು ಅಲ್ಲಿಯ ವಾಡಿಕೆಯಾಗಿತ್ತು. ಅದಕ್ಕೆ ಮೊದಲೆಣ್ಣೆ ಎಂದು ಹೆಸರು. ದೇವಿಯ ಕರಿಯ ಶಿಲೆಯು ಎಷ್ಟೋ ತಲೆಮಾರುಗಳ ಎಣ್ಣೆ ಕುಡಿದು ಮಿರಮಿರನೆ ಮಿಂಚುತ್ತಿತ್ತು.

ಆ ಪಟ್ಟಣದ ರಾಣಿ ಮಣಿಮಾಲಿನೀದೇವಿಯು ಭಕ್ತಿಯಲ್ಲಿ ಕಡಿಮೆಯವಳಲ್ಲ. ಆದರೆ ಅವಳ ಭಕ್ತಿಗೆ ಚೆಂದವೇ ಬೇಕು. ಚೈತ್ರಗೌರಿಯ ದಿನ ದೀಪದ ಸುತ್ತ ಕೂಡುವವರ ಮೈಮೇಲೆ ಒಂದು ಕಲೆಯೂ ಇರಕೂಡದೆಂದು ಆಕೆಯು ಕಟ್ಟಳೆ ಮಾಡಿದ್ದಳು. ಕುರು ಎದ್ದ ಮಕ್ಕಳನ್ನು ಬಾಗಿಲಿನಿಂದಲೇ ಹಿಂದೆ ಕಳಿಸುವರು. ಅಡುಗೆಯಲ್ಲಿ ಕೈ ಸುಟ್ಟುಕೊಂಡ ಮುತ್ತೈದೆಯರು ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂಡುವರು. ರಾಣಿಯ ಕೈ ಮಾತ್ರ ಕಲೆಯಿಲ್ಲದೆ ನುಣ್ಣಗಿತ್ತು. ಒಲೆಯ ಮುಂದೆ ನಿಲ್ಲದವಳಿಗೆ ಸುಟ್ಟ ಕಲೆ ಎಲ್ಲಿಂದ ಬರಬೇಕು?

ಅದೇ ಪಟ್ಟಣದ ಪಡುವಣ ಬೀದಿಯಲ್ಲಿ ಬಸಲಿಂಗನೆಂಬ ಗಾಣಿಗನೂ ಅವನ ಹೆಂಡತಿ ಸಾತವ್ವಳೂ ಇದ್ದರು. ಬಸಲಿಂಗನು ಎತ್ತಿನೊಂದಿಗೆ ಆಡುವಷ್ಟು ಮಾತನ್ನು ಮನುಷ್ಯರೊಂದಿಗೆ ಆಡುವವನಲ್ಲ. ಸಾತವ್ವ ಗಂಡನ ಪಾಲಿನ ಮಾತನ್ನೂ ತಾನೇ ಆಡಿ ಮುಗಿಸುವವಳು. ಇಬ್ಬರಿಗೂ ಬಹುಕಾಲ ಮಕ್ಕಳಾಗದೆ, ಹರಕೆ ಹೊತ್ತು, ಉಪವಾಸ ಮಾಡಿ, ಕಂಡವರ ಕಾಲಿಗೆಲ್ಲ ಬಿದ್ದು, ಕಡೆಗೆ ಸಾತವ್ವಳು ಬಸುರಾಗಿ ಹೆಣ್ಣು ಹಡೆದಳು. ಆ ಮಗುವನ್ನು ಕೈಗೆ ತೆಗೆದುಕೊಂಡ ಸೂಲಗಿತ್ತಿಯು ಅದನ್ನು ದೀಪದ ಹತ್ತಿರ ಹಿಡಿದಳು. ಈರುಳ್ಳಿಯ ಒಳಪೊರೆಯಂಥ ಹೊಳೆಯುವ ಪೊರೆಯೊಂದು ಮಗುವಿನ ಮೈಯನ್ನೆಲ್ಲ ಬಿಗಿದು, ಕಣ್ಣಿನ ರೆಪ್ಪೆಗಳನ್ನೂ ತುಟಿಯನ್ನೂ ಹೊರಕ್ಕೆ ಸೆಳೆದಿತ್ತು. ಸಾತವ್ವಳು ಮಗುವನ್ನು ಅವಳ ಕೈಯಿಂದ ಕಿತ್ತುಕೊಂಡು ಎದೆಗೆ ಹಚ್ಚಿದಳು. ಮಗು ಹಾಲು ಕುಡಿಯಿತು.

ಕೆಲವು ದಿನಗಳಲ್ಲಿ ಆ ಪೊರೆ ಬಿರಿದು ಉದುರಿಹೋಯಿತು. ಒಳಗಿನಿಂದ ನುಣುಪಾದ ತೊಗಲು ಬಂದೀತೆಂದು ಎಲ್ಲರೂ ಕಾದರೆ, ಬೇಸಿಗೆಯಲ್ಲಿ ಎರೆಹೊಲ ಬಿರಿದಂತೆ ಬಿಲ್ಲೆಬಿಲ್ಲೆಯಾಗಿ ಬಿರಿದ ಒಣತೊಗಲು ಕಂಡಿತು. ಹೆಸರು ಮೊದಲೇ ಗೊತ್ತು ಮಾಡಿದ್ದರು, ಹೊನ್ನಿ ಎಂದು. ಆ ಹೆಸರನ್ನು ಬದಲಿಸಿರೆಂದು ನೆಂಟರು ಹೇಳಿದರೆ ಸಾತವ್ವಳು ನೆಂಟರನ್ನೇ ಬದಲಿಸಿದಳು.

ಊರು ಸುಮ್ಮನಿರುತ್ತದೆಯೇ? ಬಸುರಿನಲ್ಲಿ ಹಾವು ದಾಟಿರಬೇಕೆಂದು ಒಬ್ಬಳು, ಗ್ರಹಣದಲ್ಲಿ ಹೊರಗೆ ಬಂದಿರಬೇಕೆಂದು ಇನ್ನೊಬ್ಬಳು, ಹಿಂದಿನ ಜನ್ಮದಲ್ಲಿ ಹುತ್ತ ಅಗೆದವಳೇ ಹೀಗೆ ಹುಟ್ಟಿ ಬಂದಳೆಂದು ಮತ್ತೊಬ್ಬಳು, ಹೀಗೆ ಒಬ್ಬೊಬ್ಬರೂ ಒಂದೊಂದು ಕಾರಣ ಹಿಡಿದು ಬಂದರು. ಗುಡಿಯ ಅರ್ಚಕನು ಎಲ್ಲವನ್ನೂ ಕೇಳಿ ಕಡೆಯ ಮಾತು ಹೇಳಿದನು. ಇದು ನಾಗದೋಷವು, ದೋಷವೆಂದರೆ ಸೂತಕದ ಸಮಾನವು, ಸೂತಕದಲ್ಲಿ ಮೈಗೆ ಎಣ್ಣೆ ಹಚ್ಚುವುದು ನಿಷಿದ್ಧವಾದ್ದರಿಂದ ದೋಷ ಕಳೆಯುವವರೆಗೂ ಈ ಮಗುವಿಗೆ ಎಣ್ಣೆ ಸೋಕಿಸಬಾರದು. ಅದರ ಬದಲಿಗೆ ಗಾಣದಿಂದ ಇಳಿದ ಎಣ್ಣೆಯನ್ನೆಲ್ಲ ದೇವಿಗೆ ಸುರಿಯುತ್ತ ಬಂದರೆ, ಶಿಲೆ ನುಣುಪಾದಂತೆ ಮಗುವಿನ ಮೈಯೂ ನುಣುಪಾಗುವುದು ಎಂದನು.

ಸಾತವ್ವಳು ನಂಬಿದಳು. ನಂಬದೆ ಏನು ಮಾಡಿಯಾಳು? ಮಗುವಿನ ಮೈಗೆ ಮದ್ದು ಹೇಳುತ್ತೇವೆಂದವರು ಕೆಸರು ತಿನ್ನು ಎಂದಿದ್ದರೂ ಅವಳು ತಿನ್ನುತ್ತಿದ್ದಳು. ಅಂದಿನಿಂದ ಗಾಣದ ಎಣ್ಣೆಯು ಬಿಂದಿಗೆ ಬಿಂದಿಗೆಯಾಗಿ ಗುಡಿಗೆ ಹೋಗತೊಡಗಿತು. ಅದು ಗಾಣಿಗರ ಮನೆ. ಗೋಡೆಗೆ ಎಣ್ಣೆಯ ಜಿಡ್ಡು, ಎತ್ತಿನ ಕೊಂಬಿಗೆ ಎಣ್ಣೆ, ಬಾಗಿಲಿನ ತಿರುಗಣಿಗೆ ಎಣ್ಣೆ. ಮಗಳಿಗೆ ಮಾತ್ರ ಇಲ್ಲ.

ಹೊನ್ನಿಯು ಬೆಳೆಯುತ್ತ ಬಂದಳು. ಮೊಣಕಾಲು, ಮೊಣಕೈ, ಬೆರಳ ಗಂಟು, ಎಲ್ಲೆಲ್ಲಿ ಮೈ ಮಡಿಚುತ್ತದೋ ಅಲ್ಲಲ್ಲಿ ತೊಗಲು ಸೀಳಿ ರಕ್ತ ಜಿನುಗುವುದು. ಚಾಚಿದರೆ ಸೀಳುತ್ತದೆಂದು ಹೆದರಿ ಮಗು ಕಾಲನ್ನು ಮಡಿಚಿಯೇ ಇಟ್ಟುಕೊಳ್ಳುವಳು. ಮಡಿಚಿಟ್ಟ ಕಾಲು ಮಡಿಚಿದಲ್ಲೇ ಬಿಗಿಯುತ್ತ ಹೋಗಿ, ಓರಗೆಯ ಮಕ್ಕಳು ಬೀದಿಯಲ್ಲಿ ಓಡುವ ಕಾಲಕ್ಕೆ ಹೊನ್ನಿಯು ಕುಂಡೆ ಊರಿ ತೆವಳುತ್ತಿದ್ದಳು. ಅವಳ ಮೈ ಬೆವರುತ್ತಲೂ ಇರಲಿಲ್ಲ. ಬೇಸಿಗೆ ಬಂತೆಂದರೆ ಒಲೆಯ ಮೇಲಿನ ಹಂಚಿನಂತೆ ಕಾಯುವಳು. ಸಾತವ್ವಳು ಒದ್ದೆ ಬಟ್ಟೆ ಹೊದಿಸಿ ರಾತ್ರಿ ಹಗಲು ಬೀಸಣಿಗೆ ಬೀಸುವಳು. ಇನ್ನು ಕೆಲವು ದಿನ ಹೀಗೆಯೇ ಹೋದರೆ ಮಗಳ ಕಾಲು ಎಂದೆಂದಿಗೂ ನೆಟ್ಟಗಾಗುವುದಿಲ್ಲವೆಂಬುದು ಅವಳಿಗೆ ಕಾಣುತ್ತಿತ್ತು. ಕಂಡರೂ ದೇವಿಯ ಮೇಲೆ ಭಾರ ಹಾಕಿ, ಮತ್ತೊಂದು ಬಿಂದಿಗೆ ಹೊತ್ತು ಹೋಗುವಳು.

ಹೀಗಿರಲಾಗಿ ಒಂದು ವರುಷದ ಚೈತ್ರಗೌರಿಯ ದಿನ, ಹೊಸ ಎಳ್ಳಿನ ಮೊದಲೆಣ್ಣೆಯ ಬಿಂದಿಗೆಯನ್ನು ತಲೆಯ ಮೇಲೆ, ಮಗಳನ್ನು ಸೊಂಟದ ಮೇಲೆ ಹೊತ್ತು ಸಾತವ್ವಳು ಗುಡಿಗೆ ಬಂದಳು. ಬಾಗಿಲಲ್ಲಿ ಕಾವಲಿನವರು ತಡೆದರು. ಎಣ್ಣೆ ಒಳಗೆ ಬರಬಹುದು, ಮಗು ಬರಕೂಡದು ಎಂದರು. ಅದು ಹೊಸ ಮಾತಲ್ಲವಾದ್ದರಿಂದ ಸಾತವ್ವಳು ಹೊನ್ನಿಯನ್ನು ಗೋಡೆಯ ನೆರಳಿನಲ್ಲಿ ಕೂಡಿಸಿ ಒಳಗೆ ಹೋದಳು. ಒಳಗೆ ರಾಣಿಯ ಪೂಜೆಯೇ ಮುಗಿದಿರಲಿಲ್ಲ. ಅರ್ಚಕನ ಮಂತ್ರವೂ ಮುಗಿಯಲಿಲ್ಲ. ಹೊತ್ತು ಏರಿತು, ನೆರಳು ಸರಿಯಿತು, ಹೊರಗಿನ ಹಾಸುಗಲ್ಲು ಕಾದಿತು. ಕಾದ ಕಲ್ಲಿನ ಮೇಲೆ ತೆವಳಲಾರದ ಮಗುವು ಮೊದಲು ಅಬ್ಬೆಯನ್ನು ಕರೆದು, ಆಮೇಲೆ ಬರೀ ಚೀರಿ, ಆಮೇಲೆ ಚೀರುವುದನ್ನೂ ನಿಲ್ಲಿಸಿತು.

ದನಿ ನಿಂತದ್ದು ಸಾತವ್ವಳ ಕಿವಿಗೆ ಬಿತ್ತು. ಅವಳು ತಲೆಯೆತ್ತಿ ನೋಡಿದರೆ ಎದುರಿಗೆ ದೇವಿಯ ಶಿಲೆ. ನೆತ್ತಿಯಿಂದ ಸುರಿದ ಎಣ್ಣೆಯು ಮೂಗಿನಿಂದ ತೊಟ್ಟಿಕ್ಕಿ, ಪಾದದಿಂದ ಹರಿದು, ಮೋರಿಯಲ್ಲಿ ಹೋಗಿ, ಗುಡಿಯ ಹಿಂದೆ ನಾಯಿಗಳ ಪಾಲಾಗುತ್ತಿತ್ತು. ಅವಳಿಗೆ ಆಗ ಬಂದ ಸಿಟ್ಟನ್ನು ಹೇಳಲು ನನಗೆ ಬಾಯಿ ಸಾಲದು. ಆ ಸಿಟ್ಟು ರಾಣಿಯ ಮೇಲೆ ಬಂದದ್ದಲ್ಲ, ಅರ್ಚಕನ ಮೇಲೂ ಅಲ್ಲ, ಇಷ್ಟು ಕಾಲ ಬಿಂದಿಗೆ ಹೊತ್ತ ತನ್ನ ಎರಡು ಕೈಗಳ ಮೇಲೆಯೇ ಬಂದಿತು. ಅವಳು ಒಂದು ಕೈಯಲ್ಲಿ ಎಣ್ಣೆಯ ಬಿಂದಿಗೆಯನ್ನೂ ಇನ್ನೊಂದು ಕೈಯಲ್ಲಿ ಪೂಜೆಗಿಟ್ಟ ಕಲಶವನ್ನೂ ಎತ್ತಿಕೊಂಡು ಹೊರಗೆ ಬಂದಳು. ಗುಡಿಯ ಹೊಸ್ತಿಲ ಮೇಲೆಯೇ ಕೂತು, ಕಾದ ಮಗುವನ್ನು ಮಡಿಲಿಗೆ ಹಾಕಿಕೊಂಡು, ಕಲಶದ ನೀರನ್ನು ನೆತ್ತಿಯಿಂದ ಅಂಗಾಲಿನವರೆಗೆ ಸುರಿದಳು. ಮಗು ಕಣ್ಣು ಬಿಟ್ಟಿತು. ಮೈ ಇನ್ನೂ ಒದ್ದೆಯಿರುವಾಗಲೇ ಬಿಂದಿಗೆಯ ಮೊದಲೆಣ್ಣೆಯನ್ನು ಬೊಗಸೆಬೊಗಸೆಯಾಗಿ ತೆಗೆದು, ಕತ್ತಿಗೆ, ಕಂಕುಳಿಗೆ, ಮೊಣಕಾಲ ಸಂದಿಗೆ, ಬೆರಳ ಸಂದಿಗೆ ಹಚ್ಚಿದಳು.

ಗುಡಿಯೆಲ್ಲ ಹೋ ಎಂದು ಎದ್ದಿತು. ರಾಣಿಯು ಹೊಸ್ತಿಲಿಗೆ ಬಂದು, "ದೇವಿಯ ಎಣ್ಣೆಯನ್ನು ದೋಷದ ಮೈಗೆ ಬಳಿದೆಯಾ? ನಿನಗೆ ದೇವರ ಭಯವಿಲ್ಲವೇ?" ಎಂದು ಕೇಳಿದಳು.

ಸಾತವ್ವಳು ಹಚ್ಚುವ ಕೈ ನಿಲ್ಲಿಸದೆಯೇ ಹೇಳಿದಳು: "ಆ ಕಲ್ಲಿಗೆ ಎಷ್ಟ ವರ್ಷ ಸುರುವೀನಿ, ಅದು ಒಂದ ದಿನ ಉರಿ ಅಂದಿಲ್ಲ, ನೋವು ಅಂದಿಲ್ಲ. ನನ್ನ ಕೂಸು ಹುಟ್ಟಿದಾಗಿಂದ ಅಳಾಕತ್ತೈತಿ. ಎಣ್ಣಿ ಯಾರಿಗೆ ಬೇಕಾಗೇತಿ ಅಂತ ತಿಳ್ಕೊಳ್ಳಾಕ ಪಂಚಾಂಗ ನೋಡಬೇಕೇನ್ರಿ?"

ಅಷ್ಟರಲ್ಲಿ ಒಳಗಿನ ದೀಪ ಆರಿಹೋಯಿತು. ದೇವಿ ಮುನಿದಳು, ಊರಿಗೆ ಕೇಡು ಬಂತು ಎಂದು ಹೆಂಗಸರು ಬಾಯಿ ಬಡಿದುಕೊಂಡರು. ಸಾತವ್ವಳು ಮಗಳನ್ನು ಸೊಂಟಕ್ಕೆ ಏರಿಸಿ ಎದ್ದು, "ಎಣ್ಣಿ ಹಾಕದಿದ್ರ ದೀಪ ಆರತೈತಿ. ಅದಕ್ಕ ಯಾರ ಸಿಟ್ಟೂ ಬೇಕಾಗಿಲ್ಲ" ಎಂದು ಹೊರಟಳು. ನಿಜವಾಗಿಯೂ ಗಲಾಟೆಯಲ್ಲಿ ದೀಪಕ್ಕೆ ಎಣ್ಣೆ ಹಾಕುವುದನ್ನು ಎಲ್ಲರೂ ಮರೆತಿದ್ದರು. ಆದರೆ ಅದನ್ನು ಒಪ್ಪುವವರಾರು?

ಸಂಜೆಯೊಳಗೆ ಅರಮನೆಯಿಂದ ಅಪ್ಪಣೆ ಬಂದಿತು. ಗಾಣಿಗರ ಈ ಮನೆಯವರು ಕೋಟೆಯ ಬಾಗಿಲು ದಾಟಿ ಹೋಗತಕ್ಕದ್ದು, ತಿರುಗಿ ಬರತಕ್ಕದ್ದಲ್ಲ. ಗಂಡನು ಏನೆನ್ನುವನೋ ಎಂದು ಸಾತವ್ವಳಿಗೆ ಅಳುಕಿತ್ತು. ಹುಟ್ಟಿದಾಗಿನಿಂದ ಗಾಣದ ಸುತ್ತ ಸುತ್ತಿದವನು, ಅಜ್ಜನ ಕಾಲದ ಗಾಣ, ಕಲ್ಲಿನದು, ಎತ್ತಿ ಒಯ್ಯುವಂಥದ್ದಲ್ಲ. ಬಸಲಿಂಗನು ಎತ್ತಿನ ನೊಗ ಬಿಚ್ಚಿ, ಎಳ್ಳಿನ ಚೀಲವನ್ನು ಅದರ ಬೆನ್ನಿಗೆ ಕಟ್ಟಿ, ಮಗಳನ್ನು ಚೀಲದ ಮೇಲೆ ಕೂಡಿಸಿ, "ನಡೀರಿ" ಎಂದನು. ಎಣ್ಣೆ ಹಚ್ಚಿದ ಮಗಳ ಕಾಲನ್ನು ಒಮ್ಮೆ ಮುಟ್ಟಿ ನೋಡಿ, "ಮೆತ್ತಗಾಗೇತಿ" ಎಂದನು. ಅವನ ಪಾಲಿಗೆ ಅದು ಬಹಳ ದೊಡ್ಡ ಭಾಷಣ.

ಕೋಟೆಯ ಹೊರಗೆ ಹಳ್ಳದ ದಂಡೆಯಲ್ಲಿ ಮಾಡು ಅರ್ಧ ಕುಸಿದ ಮಂಟಪವೊಂದಿತ್ತು. ಅಲ್ಲಿ ಅವರು ಇಳಿದರು. ಗಾಣವಿಲ್ಲದ ಬಸಲಿಂಗನು ಅಲ್ಲಿದ್ದ ಒಡಕು ಒರಳಿನಲ್ಲಿ ಎಳ್ಳು ಕುಟ್ಟಿ, ಬಿಸಿನೀರು ಚಿಮುಕಿಸಿ, ಬಟ್ಟೆಯಲ್ಲಿ ಕಟ್ಟಿ ಹಿಂಡುವನು. ದಿನವೆಲ್ಲ ಹಿಂಡಿದರೂ ಒಂದು ಬಟ್ಟಲು ಎಣ್ಣೆ ಬಂದರೆ ಪುಣ್ಯ. ಬಂದುದೆಲ್ಲ ಹೊನ್ನಿಗೇ. ಒಣಮೈಗೆ ಹಚ್ಚಿದರೆ ಎಣ್ಣೆ ಮೇಲೆಯೇ ಜಾರಿ, ಮಧ್ಯಾಹ್ನಕ್ಕೆ ತೊಗಲು ಮತ್ತೆ ಬಿರಿಯುವುದು. ಆ ದಿನ ಹೊಸ್ತಿಲ ಮೇಲೆ ಮಾಡಿದಂತೆ, ಮೊದಲು ನೀರಿನಲ್ಲಿ ನೆನೆಸಿ, ಒರೆಸದೆ, ಒದ್ದೆಮೈಗೆ ಹಚ್ಚಿದರೆ ಮರುದಿನದವರೆಗೂ ಮೆತ್ತಗಿರುವುದು. ಅಂದಿನ ಅವಸರದಲ್ಲಿ ತಿಳಿಯದೆ ಮಾಡಿದ್ದೇ ಸರಿಯಾದ ಕ್ರಮವೆಂದು ಸಾತವ್ವಳು ಕಂಡುಕೊಂಡಳು.

ಕಾಲು ಮಾತ್ರ ಬೇಗ ಕೇಳಲಿಲ್ಲ. ಬೆಚ್ಚನೆಯ ನೀರಿನಲ್ಲಿ ಕಾಲಿಳಿಸಿ, ಎಣ್ಣೆ ಹಚ್ಚಿ, ಇಷ್ಟಿಷ್ಟೇ ಚಾಚಿಸಬೇಕು. ಹೆಚ್ಚು ಎಳೆದರೆ ಸೀಳುವುದು, ಬಿಟ್ಟರೆ ಬಿಗಿಯುವುದು. ಒಂದು ದಿನ ಸಾತವ್ವಳು ತಾಳ್ಮೆ ತಪ್ಪಿ ಜೋರಾಗಿ ಎಳೆದುಬಿಟ್ಟಳು. ಹೊನ್ನಿ ಚೀರಿ ತಾಯಿಯ ಮುಖಕ್ಕೆ ಹೊಡೆದಳು. ತಾಯಿ ಮಗಳು ಇಬ್ಬರೂ ಅತ್ತರು. ಮರುದಿನ ಬಸಲಿಂಗನು ಮಂಟಪದ ನಡುಗಂಬಕ್ಕೆ ಒಂದು ಬಿದಿರ ಗಳೆಯನ್ನು ಗಾಣದ ನೊಗದಂತೆ ಕಟ್ಟಿ, ಒಂದು ತುದಿಯನ್ನು ತಾನು ಹಿಡಿದು, ಇನ್ನೊಂದು ತುದಿಯನ್ನು ಮಗಳ ಕೈಗೆ ಕೊಟ್ಟು, ನೀನೊಂದು ಎತ್ತು, ನಾನೊಂದು ಎತ್ತು ಎಂದು ಕಂಬದ ಸುತ್ತ ತಿರುಗತೊಡಗಿದನು. ಗಳೆಗೆ ಜೋತುಬಿದ್ದು ಎದ್ದು ನಿಂತ ಹೊನ್ನಿಯು ಒಂದು ಹೆಜ್ಜೆ ಇಟ್ಟಳು, ಬಿದ್ದಳು, ಅಪ್ಪನಿಗೆ ಬೈದಳು, ಮತ್ತೆ ಎದ್ದಳು. ಬೈಯುವುದು ತಾಯಿಯಿಂದ ಬಂದ ಗುಣ. ಹೀಗೆ ಮಳೆಗಾಲ ಕಳೆದು, ಚಳಿ ಕಳೆದು, ಮಗಳು ಸೊಟ್ಟಸೊಟ್ಟಗೆ ನಡೆಯತೊಡಗಿದಳು.

ಮತ್ತೆ ಚೈತ್ರ ಬಂದಿತು. ಗೌರಿಯ ದಿನ ನಡುಹಗಲಿನಲ್ಲಿ ಒಬ್ಬ ಮುದುಕಿ ಮಂಟಪಕ್ಕೆ ಬಂದಳು. ಹಣೆ ತುಂಬ ಕುಂಕುಮ, ಕೈ ತುಂಬ ಬಳೆ, ಬಾಗಿದ ಮೊಣಕಾಲು. ಕಾಲು ಹಿಡಿದುಕೊಂಡಿವೆ ಮಗಳೇ, ಒಂದಿಷ್ಟು ಎಣ್ಣೆ ಕೊಡು ಎಂದು ಕೇಳಿದಳು. ಎಳ್ಳಿನ ಚೀಲ ಬರಿದಾಗಿತ್ತು. ಇದ್ದದ್ದು ಬಟ್ಟಲಿನ ತಳದಲ್ಲಿ ಹೊನ್ನಿಯ ಅಂದಿನ ಪಾಲು ಮಾತ್ರ.

ನೀವೆಲ್ಲ ವ್ರತದ ಕಥೆ ಕೇಳಿ ಕೇಳಿ ಪಳಗಿದವರು. ಮುಂದೇನೆಂದು ನಿಮಗೆ ಗೊತ್ತು. ಇದ್ದುದನ್ನೆಲ್ಲ ಮುದುಕಿಗೆ ಕೊಟ್ಟುಬಿಡಬೇಕು, ಮುದುಕಿ ದೇವಿಯಾಗಬೇಕು, ಮಂಟಪ ಚಿನ್ನದ್ದಾಗಬೇಕು. ಆ ಕಥೆಗಳನ್ನು ಸಾತವ್ವಳೂ ಕೇಳಿದ್ದಳು. ಬಂದವಳು ಯಾರೆಂದು ಅವಳಿಗೆ ತಿಳಿಯಲಿಲ್ಲವೆಂದೂ ಎಣಿಸಬೇಡಿ. ಅಷ್ಟು ಬಿಸಿಲಿನಲ್ಲಿ ಹಳ್ಳ ದಾಟಿ ಬಂದವಳಿಗೆ ನೆರಳೇ ಇರಲಿಲ್ಲ. ಸಾತವ್ವಳು ನೆಲ ನೋಡಿದಳು, ಮುಖ ನೋಡಿದಳು, ಬಟ್ಟಲನ್ನು ಎದೆಗೆ ಒತ್ತಿಕೊಂಡು ಹೇಳಿದಳು: "ನೀ ಯಾರಂತ ಗೊತ್ತಾತವ್ವ. ಆದ್ರೂ ಇಲ್ಲ. ಮೊದ್ಲು ಇಕಿಗೆ. ಉಳದ್ರ ನಿನಗ."

ಬಸಲಿಂಗನು ಹೆದರಿ ಎತ್ತಿನ ಹಿಂದೆ ಹೋಗಿ ನಿಂತನು. ಮುದುಕಿಯು ಕಂಬಕ್ಕೆ ಒರಗಿ ಕೂತಳು. ಸಾತವ್ವಳು ಮಗಳಿಗೆ ನೀರೆರೆದು, ಒದ್ದೆಮೈಗೆ ಬಟ್ಟಲಿನ ಎಣ್ಣೆಯನ್ನೆಲ್ಲ ಒಂದು ಸಂದಿಯನ್ನೂ ಬಿಡದೆ ಹಚ್ಚಿ ಮುಗಿಸಿದಳು. ಬಟ್ಟಲು ಬರಿದಾಯಿತು, ಅಂಗೈಯ ಜಿಡ್ಡು ಮಾತ್ರ ಉಳಿಯಿತು. ಆ ಜಿಡ್ಡುಗೈಗಳಿಂದಲೇ ಮುದುಕಿಯ ಎರಡು ಮೊಣಕಾಲುಗಳನ್ನು ಹಿಡಿದು ಚೆನ್ನಾಗಿ ತಿಕ್ಕಿದಳು. ಮುದುಕಿಗೆ ಕಣ್ಣೀರು ಬಂದಿತು. "ಯಾವ ಕಾಲದಿಂದ ಸುರುವೇ ಸುರುವಿದ್ರು" ಎಂದಳು. "ತಿಕ್ಕಿದವರು ಒಬ್ಬರೂ ಇರಲಿಲ್ಲ."

ಹಾಗೆಂದು ತನ್ನ ನಿಜರೂಪ ತೋರಿ, ವರ ಕೇಳೆಂದಳು. ಸಾತವ್ವಳು ಕೈಮುಗಿಯುವುದನ್ನೂ ಮರೆತು, ನನ್ನ ಮಗಳಿಗೆ ಎಲ್ಲರಂಥ ತೊಗಲು ಕೊಡು ಎಂದಳು. ದೇವಿಯು ಹೊನ್ನಿಯ ಕಡೆ ನೋಡಿ, ಅದಾಗದು ಎಂದಳು. ಗರ್ಭದಲ್ಲಿ ನೆಯ್ದದ್ದನ್ನು ಬಿಚ್ಚಲು ಬಾರದು, ಬೇರೆ ಕೇಳು ಎಂದಳು. ಸಾತವ್ವಳಿಗೆ ಮೈಯೆಲ್ಲ ಉರಿದುಹೋಯಿತು. "ಹಂಗಾರ ಯಾವ ತಪ್ಪಿಗೆ ಕೊಟ್ಟಿ ಹೇಳು. ನಾ ಹಾವು ದಾಟಿಲ್ಲ, ಇಕಿ ಹುತ್ತ ಅಗದಿಲ್ಲ. ಕೊಡಾಕ ಬರತೈತಿ, ತಗಿಯಾಕ ಬರೂದಿಲ್ಲ ಅಂದ್ರ ನೀ ಎಂಥಾ ದೇವಿ?" ಎಂದು ಎದುರು ನಿಂತು ಕೇಳಿದಳು. ಅವಳು ಇನ್ನೂ ಏನೇನೋ ಅಂದಳು. ಅದನ್ನೆಲ್ಲ ದೀಪದ ಮುಂದೆ ಓದುವಂತಿಲ್ಲ. ದೇವಿಯು ಒಂದನ್ನೂ ತಡೆಯದೆ ಕೇಳಿಸಿಕೊಂಡಳು.

ಕೇಳಿಸಿಕೊಂಡು ದೇವಿ ಹೇಳಿದಳು: "ತಪ್ಪಿಗೆ ಕೊಟ್ಟದ್ದಲ್ಲ ಮಗಳೇ. ಬಂದದ್ದು. ಒಂದೇ ಹೊಲದಲ್ಲಿ ಕರಿ ಎಳ್ಳು ಬೆಳೆಯುತ್ತದೆ, ಬಿಳಿ ಎಳ್ಳೂ ಬೆಳೆಯುತ್ತದೆ. ಹೊಲ ಯಾವ ತಪ್ಪು ಮಾಡಿತ್ತು?"

ಸಾತವ್ವಳಿಗೆ ಇದರಿಂದ ಸಮಾಧಾನವಾಗಲಿಲ್ಲ. ಆಯಿತೆಂದು ಅವಳು ಸುಳ್ಳೂ ಹೇಳಲಿಲ್ಲ. ಹಾಗಾದರೆ ಈ ಮಾತನ್ನು ನನ್ನೊಬ್ಬಳಿಗೆ ಹೇಳಿ ಹೋಗಬೇಡ, ಊರಿಗೆ ಹೇಳು, ನನ್ನ ಮಗಳು ನಿನ್ನ ದೀಪದ ಮುಂದೆ ಕೂಡುವವರೆಗೂ ನಿನ್ನನ್ನು ನಾನು ಬಿಡುವುದಿಲ್ಲ ಎಂದು ದೇವಿಯ ಸೆರಗು ಹಿಡಿದಳು. ದೇವಿಯು ಆಗಲೆಂದು ಮಾತು ಕೊಟ್ಟಳು. ಇನ್ನು ಮುಂದೆ ಎಲ್ಲಿ ಮೊದಲೆಣ್ಣೆಯು ಮಗುವಿನ ಮೈಗೆ ಸಲ್ಲುವುದೋ ಅಲ್ಲಿಯೇ ನಾನಿರುವೆನು, ಅಲ್ಲದ ಕಡೆ ನನ್ನ ದೀಪ ಹೊತ್ತದು ಎಂದಳು. ಎಂದು ಹೇಳಿ, ಸೆರಗು ಬಿಡಿಸಿಕೊಂಡು, ಮಾಯವಾದಳು.

ಅತ್ತ ತಿಲಕಾವತಿಯ ಗುಡಿಯಲ್ಲಿ ಅದೇ ಗಳಿಗೆಗೆ ದೀಪ ಆರಿತು. ಈ ಸಲ ಎಣ್ಣೆ ತುಂಬಿತ್ತು, ಬತ್ತಿ ಹೊಸದಿತ್ತು. ಎಷ್ಟು ಹೊತ್ತಿಸಿದರೂ ಬೆಂಕಿ ಬತ್ತಿಗೆ ತಾಗುವುದು, ನಿಲ್ಲದು. ಅದೇ ದಿನ ಅರಮನೆಯಲ್ಲಿ ರಾಣಿಗೆ ಗಂಡುಮಗು ಹುಟ್ಟಿತು. ಈರುಳ್ಳಿಯ ಒಳಪೊರೆಯಂಥ ಪೊರೆ ಅದರ ಮೈಯನ್ನು ಬಿಗಿದಿತ್ತು.

ಇಲ್ಲಿ ಸ್ವಲ್ಪ ನಿಲ್ಲಿಸುತ್ತೇನೆ. ಈ ಕಥೆಯನ್ನು ಬೇರೆ ಕಡೆ ಓದುವವರು, ರಾಣಿಯ ಸೊಕ್ಕಿಗೆ ದೇವಿಯು ಕೊಟ್ಟ ಶಾಪವಿದು ಎನ್ನುತ್ತಾರೆ. ಅದು ಸುಳ್ಳು. ತಾಯಿಗೆ ಬುದ್ಧಿ ಕಲಿಸಲು ಹಸುಗೂಸಿನ ತೊಗಲು ಸುಲಿಯುವವಳು ದೇವಿಯಲ್ಲ. ಹೊನ್ನಿಗೆ ಹೇಗೆ ಬಂತೋ ಆ ಮಗುವಿಗೂ ಹಾಗೆಯೇ ಬಂತು. ಇದನ್ನು ಒಪ್ಪದವರು ಕೈಯಲ್ಲಿಯ ಎಳ್ಳನ್ನು ತಟ್ಟೆಗೆ ಹಾಕಿ ಎದ್ದು ಹೋಗಬಹುದು.

ಕಲೆಯಿದ್ದವರನ್ನು ದೇವಿಯ ಮುಂದಿನಿಂದ ಎಬ್ಬಿಸಿದ್ದ ರಾಣಿಯು ಈಗ ತನ್ನ ಮಗುವನ್ನು ರೇಷ್ಮೆಯಲ್ಲಿ ಸುತ್ತಿ, ಕದ ಹಾಕಿಕೊಂಡು ಕೂತಳು. ರೇಷ್ಮೆ ಅಂಟಿ ತೊಗಲು ಕಿತ್ತುಬಂದು ಮಗು ಚೀರುವುದು. ಅರ್ಚಕನು ಬಂದು, ದೋಷ, ಸೂತಕ, ಎಣ್ಣೆ ಸೋಕಿಸಬೇಡಿ ಎಂದು ಅದೇ ಮಾತು ಹೇಳಿದನು. ಬೇರೆಯವರ ಮಗುವಿಗೆ ಹೇಳಿದಾಗ ಶಾಸ್ತ್ರದಂತೆ ಕೇಳಿದ ಮಾತು, ತನ್ನ ಮಗುವಿಗೆ ಹೇಳಿದಾಗ ರಾಣಿಗೆ ಕತ್ತು ಹಿಸುಕಿದಂತೆ ಕೇಳಿತು. ಅವಳು ದಾಸಿಯನ್ನು ಕರೆದು, ಯಾರಿಗೂ ತಿಳಿಯದಂತೆ ಹಿತ್ತಲ ಬಾಗಿಲಿನಿಂದ ಆ ಗಾಣಿಗರ ಹೆಂಗಸನ್ನು ಕರೆತಾ ಎಂದು ಕಳಿಸಿದಳು.

ದಾಸಿಯು ಬಂದು ಹೇಳಲು, ಸಾತವ್ವಳು ಮರುಮಾತಾಡದೆ ಒದ್ದೆ ಬಟ್ಟೆ ಹೇಗೆ, ಎಣ್ಣೆ ಹೇಗೆ, ಪೊರೆಯನ್ನು ಕೀಳದೆ ತಾನಾಗಿ ಬಿಡುವವರೆಗೆ ಕಾಯುವುದು ಹೇಗೆಂದು ಎಲ್ಲವನ್ನೂ ತಿಳಿಸಿ, ಓಡಿ ಹೋಗು, ಈಗಲೇ ಹಚ್ಚಲಿ, ಕೂಸನ್ನು ಕಾಯಿಸಬೇಡಿ ಎಂದಳು. ನೀನು ಬಾ ಎಂದರೆ ಮಾತ್ರ ಏಳಲಿಲ್ಲ. "ಹಿತ್ತಲ ಬಾಗಿಲಿಂದ ನಾ ಬರೂದಿಲ್ಲ. ನನ್ನ ಮಗಳೂ ಬರೂದಿಲ್ಲ. ನಮ್ಮನ್ನ ಹೊರಗ ಹಾಕಿದ್ದು ಹೆಬ್ಬಾಗಿಲಿಂದ. ತಗೀಬೇಕಂದ್ರ ಅದನ್ನ ತಗೀರಿ. ತಗಿಯಾಕ ನಿಮ್ಮ ರಾಣಿನೇ ಬರಬೇಕು, ಕೂಸಿನ ಮುಖ ಮುಚ್ಚಬಾರದು" ಎಂದಳು.

ರಾಣಿಯು ಆ ಮಾತು ಕೇಳಿ ಮೊದಲು ಕೆರಳಿದಳು. ಎಣ್ಣೆ ಹಚ್ಚಿದ ಮಗು ಹುಟ್ಟಿದಾಗಿನಿಂದ ಮೊದಲ ಸಲ ಅಳದೆ ಮಲಗಿದ್ದನ್ನು ಕಂಡು ಸುಮ್ಮನಾದಳು. ಪೊರೆ ಕಳಚಿ ಒಣತೊಗಲು ಕಂಡ ಮೇಲೆ ಒಂದು ದಿನ, ದಾಸಿಯಿಂದ ಮಂಟಪಕ್ಕೆ ಹೇಳಿ ಕಳಿಸಿ, ಪಲ್ಲಕ್ಕಿ ಬೇಡವೆಂದು, ಮಗುವನ್ನು ಬರಿಮೈಯಲ್ಲೇ ತೋಳಿನಲ್ಲಿ ಎತ್ತಿಕೊಂಡು, ಪೇಟೆಬೀದಿಯ ನಟ್ಟನಡುವೆ ನಡೆದು ಹೊರಟಳು. ಜನ ಎದ್ದು ನಿಂತರು. ಕೆಲವರು ಮುಖ ತಿರುಗಿಸಿದರು. ತಾನು ಕಲಿಸಿದ ಪಾಠವನ್ನೇ ಅವರು ತನಗೆ ಒಪ್ಪಿಸುತ್ತಿದ್ದಾರೆಂದು ಅವಳಿಗೆ ತಿಳಿಯಿತು. ನಿಲ್ಲದೆ ಹೋಗಿ ಹೆಬ್ಬಾಗಿಲ ಅಗುಳಿಯನ್ನು ತನ್ನ ಕೈಯಿಂದಲೇ ತೆಗೆದಳು.

ಹೊರಗೆ ಸಾತವ್ವಳು ನಿಂತಿದ್ದಳು, ಬಸಲಿಂಗನಿದ್ದನು, ಎತ್ತಿತ್ತು. ಹೊನ್ನಿಯು ಎತ್ತಿನ ಮೇಲಿರದೆ ನೆಲದ ಮೇಲೆ ನಿಂತಿದ್ದಳು. ಬಾಗಿಲಿನಿಂದ ಗುಡಿಯವರೆಗೆ ದೂರವಿತ್ತು, ಬಿಸಿಲಿತ್ತು. ಎತ್ತಿಕೊಳ್ಳಲು ಈಗ ಬಂದ ಕೈಗಳು ಎಷ್ಟೋ. ಹೊನ್ನಿ ಎಲ್ಲರನ್ನೂ ನೋಡಿ, "ಮುಟ್ಟಬ್ಯಾಡ್ರಿ. ನಾ ನಡೀತೀನಿ" ಎಂದಳು. ಬಸಲಿಂಗನು ಹೆಗಲ ಮೇಲಿನ ಒದ್ದೆ ಸೆಲ್ಲೆಯನ್ನು ಅವಳ ತಲೆಗೆ ಹೊದಿಸಿದನು. ಅವಳು ಮೊಣಕಾಲನ್ನು ಪೂರಾ ನೆಟ್ಟಗೆ ಮಾಡಲಾರದೆ, ಎಡಕ್ಕೂ ಬಲಕ್ಕೂ ವಾಲುತ್ತ, ದಾರಿಯಲ್ಲಿ ಕೂತು ಎದ್ದು, ಅಂಗಾಲು ಬಿರಿದು ರಕ್ತ ಬಂದರೆ ಅಲ್ಲಿಯೇ ಎಣ್ಣೆ ಹಚ್ಚಿಸಿಕೊಂಡು ಮತ್ತೆ ನಡೆದಳು. ಸಾತವ್ವಳಿಗೆ ಒಂದೊಂದು ಹೆಜ್ಜೆಗೂ ಎತ್ತಿಕೊಂಡುಬಿಡಲೇ ಎನಿಸುತ್ತಿತ್ತು. ಕೈಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಹಿಂದೆ ನಡೆದಳು. ಇಡೀ ಊರು ಹೊನ್ನಿಯ ಹಿಂದೆ ಅವಳ ನಡಿಗೆಯಲ್ಲಿಯೇ, ನಿಧಾನವಾಗಿ, ನಡೆಯಬೇಕಾಯಿತು.

ಗುಡಿಯೊಳಗೆ ಅರ್ಚಕನು ವಾಡಿಕೆಯಂತೆ ಎಣ್ಣೆಯ ಗಿಂಡಿಯನ್ನು ದೇವಿಯ ನೆತ್ತಿಗೆ ಎತ್ತಲು, ಹೊನ್ನಿಯು ಕೈ ಅಡ್ಡ ಹಿಡಿದಳು. ರಾಣಿಯ ಮಗುವಿನ ಕಡೆ ತೋರಿಸಿ, "ಮೊದ್ಲು ಇವಂಗ" ಎಂದಳು. ಅರ್ಚಕನು ಕದಲಲಿಲ್ಲ. ಶಾಸ್ತ್ರವೇನಾಗಬೇಕು ಎಂದನು. ಅಲ್ಲಿಯವರೆಗೆ ಸೆರಗಿನಲ್ಲಿ ಕೈ ಮುಚ್ಚಿಕೊಂಡು ಕೂಡುತ್ತಿದ್ದ ಮುತ್ತೈದೆಯರಲ್ಲಿ ಒಬ್ಬಳು ಎದ್ದು, ತನ್ನ ಸುಟ್ಟ ಕೈಯನ್ನು ಚಾಚಿ, ಅವನ ಗಿಂಡಿಯನ್ನು ಕಸಿದು ಹೊನ್ನಿಗೆ ಕೊಟ್ಟಳು. ಹೊನ್ನಿಯು ನೆಲಕ್ಕೆ ಕೂತು, ಮಗುವಿಗೆ ನೀರು ಚಿಮುಕಿಸಿ, ತನ್ನ ಒರಟು ಬೆರಳುಗಳಿಂದ ಅದರ ಒರಟು ಮೈಗೆ, ಕತ್ತಿನ ಮಡಿಕೆ ಮೊಣಕಾಲ ಮಡಿಕೆ ಬಿಡದೆ ಹಚ್ಚಿದಳು. ಮಗು ನಕ್ಕಿತು. ಹೊನ್ನಿಯು ಉಳಿದ ಎಣ್ಣೆಯನ್ನು ದೀಪಕ್ಕೆ ಹಾಕಿ ಹೊತ್ತಿಸಿದಳು. ಬೆಂಕಿ ಬತ್ತಿಗೆ ತಾಗಿ ನಿಂತಿತು. ಅವಳು ಅಲ್ಲಿಂದ ಏಳಲಿಲ್ಲ. ಏಳೆನ್ನಲು ಯಾರಿಗೂ ಬಾಯಿ ಬರಲಿಲ್ಲ. ಸಾತವ್ವಳು ಮಗಳ ಪಕ್ಕದಲ್ಲಿ ಕೂತು, ಸೋತ ಕಾಲುಗಳನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು, ಎಲ್ಲರ ಎದುರಿಗೆ ಗಟ್ಟಿಯಾಗಿ ಅತ್ತಳು.

ಆಮೇಲೆ ಬಸಲಿಂಗನು ತನ್ನ ಗಾಣಕ್ಕೆ ಮರಳಿ, ಆ ಮನೆಗೆ ಎಣ್ಣೆಯೂ ಧಾನ್ಯವೂ ಕಡಿಮೆಯಾಗದೆ, ಮೂವರೂ ಸುಖವಾಗಿದ್ದರು. ರಾಣಿಯು ಹಳೆಯ ಕಟ್ಟಳೆಯನ್ನು ತೆಗೆದುಹಾಕಿ, ಹೊಸ ಎಳ್ಳಿನ ಮೊದಲೆಣ್ಣೆಯು ಊರ ಮಕ್ಕಳಿಗೆ, ಅದರಲ್ಲೂ ಮೈ ನೊಂದ ಮಕ್ಕಳಿಗೆ, ಅವರಿಗೆ ಹಚ್ಚಿ ಉಳಿದದ್ದು ದೇವಿಗೆ ಎಂದು ಸಾರಿಸಿದಳು. ಅರಸುಮಗನು ಬೆಳೆದು, ತೋಳು ಮುಚ್ಚದೆ ಸಭೆಯಲ್ಲಿ ಕೂಡುತ್ತಿದ್ದನು. ಹೊನ್ನಿಯ ತೊಗಲು ಹಾಗೆಯೇ ಇತ್ತು. ಬೇಸಿಗೆಯಲ್ಲಿ ಬಿರಿಯುತ್ತಿತ್ತು, ಚಳಿಯಲ್ಲಿ ಉದುರುತ್ತಿತ್ತು, ದಿನವೂ ನೀರು, ದಿನವೂ ಎಣ್ಣೆ. ಅವಳು ಗಾಣ ನಡೆಸಿದಳು, ತಂದೆಯ ಎತ್ತುಗಳಿಗೆ ಯಜಮಾನಿಯಾದಳು, ದೂರದೂರದಿಂದ ಇಂಥ ಮಕ್ಕಳನ್ನು ಹೊತ್ತು ಬಂದ ತಾಯಂದಿರಿಗೆ ಕೈ ಹಿಡಿದು ಕಲಿಸಿದಳು. ಅವಳಿಗೆ ಮದುವೆಯಾಯಿತೇ ಎಂದು ಕೇಳುವವರು ಇಲ್ಲಿಯೂ ಇದ್ದೀರಿ. ಅದು ನಿಮಗೇಕೆ?

ಈ ಮೊದಲೆಣ್ಣೆ ಗೌರಿಯ ಕಥೆಯನ್ನು ಓದಿದವರಿಗೂ, ಕೇಳಿದವರಿಗೂ, ಹೂಂ ಎಂದವರಿಗೂ, ಸಾತವ್ವಳಿಗೆ ಸಂದ ಫಲವೇ ಸಲ್ಲುವುದು. ತೊಗಲು ಬದಲಾಗುವುದೆಂದು ನಾನು ಹೇಳುವುದಿಲ್ಲ, ದೇವಿಯೇ ಹೇಳಲಿಲ್ಲ. ನೊಂದ ಮಗುವನ್ನು ಮುಟ್ಟುವಾಗ ನಡುಗದ ಕೈ ಸಲ್ಲುವುದು. ದೋಷವೆಂದವರಿಗೆ ಎದುರು ಹೇಳುವ ನಾಲಿಗೆ ಸಲ್ಲುವುದು. ಬಿಗಿದ ಕಾಲು ಹೆಜ್ಜೆ ಇಡುವವರೆಗೆ ಕಾಯುವ ಗಟ್ಟಿತನ ಸಲ್ಲುವುದು. ಹೊರಗೆ ಕೂಡಿಸಿದ ಮಗುವು ಒಳಗೆ ಬರುವುದು, ಇದು ಖಂಡಿತ.

ಎಳ್ಳನ್ನು ದೇವಿಯ ಪಾದಕ್ಕೆ ಹಾಕಿ. ಆರತಿ ಆಮೇಲೆ. ಆ ಮೂಲೆಯಲ್ಲಿ ಕೂತು ಮಗುವಿನ ಕೈಗಳನ್ನು ಸೆರಗಿನಲ್ಲಿ ಮುಚ್ಚಿ ಹಿಡಿದವಳೇ, ಕಥೆ ಶುರುವಾದಾಗಿನಿಂದ ನಿನ್ನನ್ನು ನೋಡುತ್ತಿದ್ದೇನೆ. ಸೆರಗು ತೆಗೆ ಮಗಳೇ. ದೀಪದ ಹತ್ತಿರ ಬಾ, ಜಾಗ ಬಿಡುತ್ತಾರೆ. ಬಿಡದಿದ್ದರೆ ನಾನು ಎಬ್ಬಿಸುತ್ತೇನೆ.